ಮುಳ್ಳಿಗೊಂದು ಹಿಡಿ

ನಮ್ಮ ಮನೆಯ ಕಡ್ಡಿಪೊರಕೆಗೆ ಒಂದು ಗಡಿ ಇದೆ. ಬೆಳಗಿನ ಹೊತ್ತು, ಹಾಲಿನವನ ಸೈಕಲ್ಲು ವಿಜಯನಗರದ ನಮ್ಮ ಅಡ್ಡರಸ್ತೆಯ ತಿರುವು ದಾಟಿದ ಮೇಲೆ, ನನ್ನ ಹೆಂಡತಿ ಸರೋಜ ಬಾಗಿಲ ಸಂದಿಯಿಂದ ಪೊರಕೆಯನ್ನು ಎತ್ತಿಕೊಂಡು, ಅದರ ಬುಡವನ್ನು ಅಂಗೈಗೆ ಎರಡು ಸಲ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿ, ಮೆಟ್ಟಿಲಿನಿಂದ ಗೇಟಿನವರೆಗೆ ಅಂಗಳವನ್ನು ಗುಡಿಸುತ್ತಾ ಬರುತ್ತಾಳೆ. ಗುಡಿಸಿದ ಮಣ್ಣಿನ ಮೇಲೆ ಪೊರಕೆಯ ಗೀರುಗಳು ಅರ್ಧಚಂದ್ರದ ಹಾಗೆ ಮೂಡಿರುತ್ತವೆ; ಆಮೇಲೆ ನೀರು, ಆಮೇಲೆ ರಂಗೋಲಿ. ಆದರೆ ಎಡಗಡೆಯ ಮೂಲೆಯಲ್ಲಿ, ಕಾಂಪೌಂಡ್ ಗೋಡೆಗೆ ಒರಗಿಕೊಂಡು ಬೆಳೆದಿರುವ ಮುಳ್ಳುಗೋರಂಟಿಯ ಪೊದೆ ಇನ್ನೂ ಒಂದು ಮೊಳ ದೂರ ಇರುವಾಗಲೇ ಆ ಪೊರಕೆ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಒಣಗಿದ ಎಲೆ, ಹಕ್ಕಿ ಕಚ್ಚಿ ಎಸೆದ ಹಣ್ಣಿನ ಸಿಪ್ಪೆ, ಹೆಸರು ಗೊತ್ತಿಲ್ಲದ ಹುಲ್ಲು, ಎಲ್ಲವೂ ತಮ್ಮ ಪಾಡಿಗೆ ತಾವು ಬಿದ್ದಿರುತ್ತವೆ. ಹಬ್ಬಕ್ಕೆ ಬಂದಿದ್ದ ನನ್ನ ನಾದಿನಿ ಒಮ್ಮೆ ಇದನ್ನು ನೋಡಿ, "ಇದೇನೇ ಅಕ್ಕ, ಇಷ್ಟೆಲ್ಲ ಗುಡಿಸ್ದೋಳಿಗೆ ಅದೊಂದು ಮೂಲೆ ಭಾರ ಆಯ್ತಾ?" ಎಂದು ಕೇಳಿದ್ದಳು. ಸರೋಜ ನನ್ನ ಕಡೆ ಒಂದು ನೋಟ ಬೀರಿ, "ಅದು ನಮ್ಮನೆಯವರ ಕಾಡು ಕಣೇ, ಅಲ್ಲಿ ನಮಗೆ ಪ್ರವೇಶ ಇಲ್ಲ" ಎಂದು ನಕ್ಕಿದ್ದಳು.

ನೀವೂ ನಗಬಹುದು, ನನ್ನ ಅಭ್ಯಂತರವಿಲ್ಲ. ಮೊಳ ಅಗಲದ ಕಸಕ್ಕೆ ಕಾಡೆಂದು ಹೆಸರಿಟ್ಟು ಕಾಯುವವನನ್ನು ಕಂಡು ಬೇರೆಯವರು ನಗದಿದ್ದರೆ ನನಗೇ ಅನುಮಾನ ಬರುತ್ತಿತ್ತು. ಆದರೆ ಆ ಮೂಲೆ ನನ್ನ ಪಾಲಿಗೆ ಒಂದು ಪ್ರಾಯಶ್ಚಿತ್ತ. ಎಂಟು ವರ್ಷದ ಹಿಂದೆ ಒಂದು ಭಾನುವಾರ ನಾನು ಮಾಡಿದ ಕೆಲಸವೊಂದನ್ನು ಅದು ದಿನಾ ಬೆಳಿಗ್ಗೆ ನೆನಪಿಸುತ್ತದೆ. ನೆನಪಿಸಲಿ ಎಂದೇ ಅದನ್ನು ಹಾಗೆ ಬಿಟ್ಟಿದ್ದೇನೆ. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಾಗ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ನಾನು ವೃತ್ತಿಯಲ್ಲಿ ನಕ್ಷೆಗಾರ. ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಟೀ-ಸ್ಕ್ವೇರ್ ಹಿಡಿದು ಗೆರೆ ಎಳೆಯುತ್ತಿದ್ದೇನೆ. ಗೆರೆ ನೇರವಾಗಿ ಬಂದರೆ ನನಗೆ ಆಗುವ ಸಂತೋಷವನ್ನು ಗೆರೆ ಎಳೆಯದವರಿಗೆ ವಿವರಿಸುವುದು ಕಷ್ಟ. ಮೊದಲು ನಾವು ಇದ್ದದ್ದು ಪೇಟೆಯ ಒಂದು ವಠಾರದಲ್ಲಿ. ಅಲ್ಲಿ ಅಂಗಳವೆನ್ನುವುದು ಎಂಟು ಮನೆಯವರ ಕಾಲು ಬೀಳುವ ಜಾಗ, ಯಾರು ಗುಡಿಸಿದರೂ ಮರುಗಳಿಗೆಯಲ್ಲಿ ಮತ್ತೆ ಕೊಳೆ. ಹಾಗಾಗಿ ವಿಜಯನಗರದಲ್ಲಿ ಮೂವತ್ತು-ನಲವತ್ತರ ಸೈಟು ಸಿಕ್ಕಿ, ಮನೆ ಎದ್ದು, ನಮ್ಮದೇ ಒಂದು ಅಂಗಳ ಅಂತ ಆದಾಗ ಅದನ್ನು ಗುಡಿಸುವುದು ಬರೀ ಕೆಲಸವಾಗಿರಲಿಲ್ಲ, ಸ್ವಂತ ಮನೆಯವರು ಎಂಬ ಹೆಮ್ಮೆಯ ದೈನಂದಿನ ಘೋಷಣೆಯಾಗಿತ್ತು. ನಮ್ಮ ಬೀದಿಯಲ್ಲಿ ಆಗ ಎಲ್ಲರೂ ಹಾಗೆಯೇ. ಮೇಷ್ಟ್ರು, ಗುಮಾಸ್ತರು, ನನ್ನಂಥ ಕಾರ್ಖಾನೆಯವರು, ಎಲ್ಲರೂ ಹೊಸದಾಗಿ ಮಣ್ಣಿನ ಒಡೆಯರಾದವರು, ಮತ್ತು ಆ ಮಣ್ಣಿನ ಮೇಲೆ ನಮಗೆ ಗೊತ್ತಿಲ್ಲದ ಒಂದು ಹುಲ್ಲೂ ಏಳಬಾರದೆಂದು ಪಣ ತೊಟ್ಟವರು.

ನಮ್ಮ ಬಡಾವಣೆ ಮುಗಿದು ಅತ್ತಿಗುಪ್ಪೆ ದಾಟಿ, ನಾಯಂಡಹಳ್ಳಿಯ ಕಡೆಗೆ ಹೋಗುವ ಕಾಲುದಾರಿಯ ಎಡಕ್ಕೆ ಆ ಕಾಲದಲ್ಲಿ ಒಂದು ಗುಂಡುತೋಪು ಇತ್ತು. ಇತ್ತು ಎಂದೆನೇ? ಈಗಲೂ ಇದೆ, ಆ ಕತೆಯನ್ನೇ ಹೇಳಹೊರಟಿದ್ದೇನೆ. ನಮ್ಮ ಕಡೆ ಹಿಂದೆ ಊರಿಗೊಂದು ಗುಂಡುತೋಪು ಇರುತ್ತಿತ್ತು. ಮಾವು, ಹೊಂಗೆ, ಹಿಪ್ಪೆ, ನೇರಳೆ, ಇವು ಯಾರೊಬ್ಬರವೂ ಅಲ್ಲದ, ಆದ್ದರಿಂದ ಎಲ್ಲರವೂ ಆದ ಮರಗಳು. ದಾರಿಹೋಕರ ಗಾಡಿ ಬಿಚ್ಚಲು, ದನ ಮಲಗಲು, ಬಡವರು ಬೀಜ ಆಯಲು ಅಲ್ಲಿ ಜಾಗವಿತ್ತು. ನಾವು ಬರುವ ಹೊತ್ತಿಗೆ ಇಟ್ಟಿಗೆ ಗೂಡುಗಳಿಗೂ ಮದುವೆಮನೆಯ ಒಲೆಗಳಿಗೂ ಹೋಗಿ ಮುಗಿದು ಆ ಆರೇಳು ಎಕರೆಯಲ್ಲಿ ಹನ್ನೊಂದು ಮುದಿ ಮರಗಳು ಮಾತ್ರ ಉಳಿದಿದ್ದವು. ಮಿಕ್ಕದ್ದೆಲ್ಲ ಮುಳ್ಳು: ಕಾರೆ, ಸೀಗೆ, ಲಂಟಾನದ ಮೆಳೆಗಳು, ಆಳೆತ್ತರದ ಪೊದೆಗಳು. ಒಂದು ದಿನ ಅಳತೆಗೆ ಬಂದ ಸರ್ವೇಯರ್ ಒಬ್ಬ ಚಹಾ ಕುಡಿಯುತ್ತಾ ನಮ್ಮಲ್ಲಿ ಒಬ್ಬರಿಗೆ, "ನಕ್ಷೇಲಿ ತೋಪು ಅಂತ ಇದೆ ಸಾರ್, ಆದ್ರೆ ಮರ ಇಲ್ದಿದ್ರೆ ಅದು ತೋಪು ಹೇಗಾಗುತ್ತೆ? ಹೀಗೇ ಇದ್ರೆ ನಾಳೆ ಸೈಟಾಗುತ್ತೆ" ಎಂದನಂತೆ. ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಎಚ್ಚರಿಸಿದನಷ್ಟೆ.

ಆ ಮಾತು ನಮ್ಮನ್ನು ಬಡಿದೆಬ್ಬಿಸಿತು. ನಮ್ಮ ಬಡಾವಣೆಯ ಸಂಘಕ್ಕೆ ಆಗ ನಂಜುಂಡಯ್ಯನವರು ಕಾರ್ಯದರ್ಶಿ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಮಕ್ಕಳಿಲ್ಲದ ಮೈದಾನ ಕಂಡರೆ ಡ್ರಿಲ್ ಮಾಡಿಸಬೇಕೆನಿಸುವ ಮನುಷ್ಯ. ತೋಪನ್ನು ಮತ್ತೆ ಬೆಳೆಸೋಣ, ಜನರೇ ಸೇರಿ ಬೆಳೆಸೋಣ, ಎಂದು ಅವರು ಹೇಳಿದಾಗ ಕೈ ಎತ್ತಿದವರಲ್ಲಿ ನಾನೇ ಮೊದಲಿಗ. ಆ ಉತ್ಸಾಹವನ್ನು ನಾನು ಇವತ್ತಿಗೂ ಹಳಿಯಲಾರೆ; ಅದು ನಿಜವಾದದ್ದು. ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಶನಿವಾರ ಟೇಪು ಹಿಡಿದು ಅಳೆದು, ಟ್ರೇಸಿಂಗ್ ಹಾಳೆಯ ಮೇಲೆ ಇಂಡಿಯನ್ ಇಂಕಿನಲ್ಲಿ ತೋಪನ್ನು ಬರೆದೆ. ಹನ್ನೊಂದು ಮುದಿ ಮರಗಳಿಗೆ ಹನ್ನೊಂದು ವೃತ್ತ. ನೆಡಬೇಕಾದ ಸಸಿಗಳಿಗೆ ಮೂವತ್ತು ಅಡಿಗೊಂದು ಚುಕ್ಕೆ, ಸಾಲು ಸಾಲಾಗಿ. ಮಧ್ಯೆ ಇದ್ದ ಮುಳ್ಳಿನ ಮೆಳೆಗಳಿಗೆ ನನ್ನ ಬಳಿ ಯಾವ ಚಿಹ್ನೆಯೂ ಇರಲಿಲ್ಲ, ಆದ್ದರಿಂದ ಅಲ್ಲೆಲ್ಲ ಹಾಳೆಯನ್ನು ಬಿಳಿಯಾಗಿ ಬಿಟ್ಟೆ. ನಂಜುಂಡಯ್ಯನವರು ಅದನ್ನು ಬೆಳಕಿಗೆ ಹಿಡಿದು, "ಏನ್ರೀ ಮೂರ್ತಿ, ರತ್ನದಂಥ ಡ್ರಾಯಿಂಗು!" ಎಂದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಬಿಳಿ ಬಿಟ್ಟ ಆ ಜಾಗವೇ ತೋಪಾಗಿತ್ತು ಎಂದು ನನಗೆ ಆಗ ಯಾರಾದರೂ ಹೇಳಿದ್ದರೆ! ಆದರೆ ಹಾಗೆಂದು ಕೊರಗುವುದು ಕೂಡ ಒಂದು ಬಗೆಯ ಸುಳ್ಳು. ಹೇಳಿದವರು ಇದ್ದರು.

ಮಳೆಗಾಲಕ್ಕೆ ಮೊದಲಿನ ಒಂದು ಭಾನುವಾರ ಶ್ರಮದಾನ. ನಾವು ನಲವತ್ತು ಜನ, ಗಂಡಸರು ಹೆಂಗಸರು, ಗುದ್ದಲಿ ಮಚ್ಚು ಹಿಡಿದು ಹೊರಟೆವು. ನೆಡುವ ಮೊದಲು ಜಾಗ ಚೊಕ್ಕಟವಾಗಬೇಕು ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ. ಹಬ್ಬಕ್ಕೆ ಮೊದಲು ಮನೆ ಧೂಳು ಹೊಡೆಯುವುದಿಲ್ಲವೇ, ಪೂಜೆಗೆ ಮೊದಲು ನೆಲ ಸಾರಿಸುವುದಿಲ್ಲವೇ, ಹಾಗೆ. ಕೆಲವು ಹೆಂಗಸರು ಪೊರಕೆಗಳನ್ನೇ ತಂದಿದ್ದರು. ಕಾಡಿಗೆ ಪೊರಕೆ ತೆಗೆದುಕೊಂಡು ಹೋದ ಜನ ಪ್ರಪಂಚದಲ್ಲಿ ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು, ವಿಜಯನಗರದಲ್ಲಿದ್ದೆವು.

ಮಧ್ಯಾಹ್ನಕ್ಕೆ ಮೊದಲು ಅತ್ತಿಗುಪ್ಪೆಯ ಹಳೆಯ ಕೇರಿಯ ಕಡೆಯಿಂದ ಒಬ್ಬಳು ಹೆಂಗಸು ಬಂದಳು. ಅರವತ್ತರ ಆಸುಪಾಸು, ಒಣಕಲು ಮೈ, ಸೊಂಟದಲ್ಲಿ ಬಿದಿರಿನ ಪುಟ್ಟಿ. ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು. ಆ ಹನ್ನೊಂದು ಮರಗಳ ಕೆಳಗೆ ಬಿದ್ದ ಹೊಂಗೆ ಕಾಯಿ ಆಯ್ದು, ಸುಲಿದು, ಬೀಜವನ್ನು ನಾಯಂಡಹಳ್ಳಿಯ ಎಣ್ಣೆ ಮಿಲ್ಲಿಗೆ ಹಾಕುವುದು ಅವಳ ಬದುಕು. ಗಂಡನಿಲ್ಲ; ಇದ್ದೊಬ್ಬ ಮಗಳನ್ನು ಮಾಗಡಿ ರಸ್ತೆಯ ತಾವರೆಕೆರೆಗೆ ಕೊಟ್ಟಾಗಿತ್ತು. ಅವಳು ಸ್ವಲ್ಪ ಹೊತ್ತು ನಮ್ಮನ್ನು ನೋಡುತ್ತಾ ನಿಂತು, ನಕ್ಷೆ ನನ್ನ ಕೈಯಲ್ಲಿದ್ದುದರಿಂದಲೋ ಏನೋ ನನ್ನ ಹತ್ತಿರವೇ ಬಂದಳು.

"ಸ್ವಾಮಿ, ಆ ಮೆಳೆಗುಳ್ನ ಮುಟ್‌ಬ್ಯಾಡಿ. ಒಳಗೆ ಸಸಿ ಅವೆ."

ನಾನು ಬಗ್ಗಿ ನೋಡಿದೆ. ನೋಡಿದೆನೆಂಬುದನ್ನು ನೀವು ನಂಬಬೇಕು. ಕಂಡದ್ದು ಮುಳ್ಳು, ಒಣಗಿದ ಎಲೆ, ಅದರ ನಡುವೆ ಏನೋ ಹಸಿರು. ಗೇಣುದ್ದದ, ಮೊಳದುದ್ದದ ಸೊಟ್ಟ ಕಡ್ಡಿಗಳು. ನರ್ಸರಿಯ ಕಪ್ಪು ಪಾಲಿಥಿನ್ ಚೀಲದಲ್ಲಿ ನೆಟ್ಟಗೆ ನಿಂತಿರದ ಯಾವುದನ್ನೂ ಸಸಿಯೆಂದು ಗುರುತಿಸುವುದು ನನ್ನ ಕಣ್ಣಿಗೆ ಅಭ್ಯಾಸವಿರಲಿಲ್ಲ.

"ಸಸಿ ನಾವೇ ತರ್ತಾ ಇದೀವಿ ಕಣಮ್ಮ, ಮುನ್ನೂರು ಸಸಿ. ನಮಗೆ ಗೊತ್ತಿದೆ. ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಮುಳ್ಳು ತಗುಲುತ್ತೆ."

ಅವಳು ಪಕ್ಕಕ್ಕೆ ನಿಂತಳು. ಅಷ್ಟೇ ಆದದ್ದು. ಜಗಳವಿಲ್ಲ, ಕೂಗಾಟವಿಲ್ಲ. ಒಂದು ಮಾತು ಒರಟಾಗಿ ಆಡಿದ್ದರೆ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಸಿಕ್ಕುತ್ತಿತ್ತು. ನಾನು ಎಷ್ಟು ಸಭ್ಯನಾಗಿದ್ದೆ ಎಂಬುದೇ ಇವತ್ತು ನನ್ನನ್ನು ಚುಚ್ಚುವುದು. ಮುಳ್ಳು ತಗುಲೀತೆಂದು ನಾನು ಎಚ್ಚರಿಸಿದ್ದು ಯಾರಿಗೆ, ನಲವತ್ತು ವರ್ಷ ಆ ಮುಳ್ಳಿನಲ್ಲಿ ಕೈಯಾಡಿಸಿದವಳಿಗೆ!

ಸಂಜೆಯ ಹೊತ್ತಿಗೆ ತೋಪು ನನ್ನ ನಕ್ಷೆಯ ಹಾಗೆಯೇ ಆಗಿತ್ತು: ಹನ್ನೊಂದು ಮರ, ಮಿಕ್ಕದ್ದು ಬಿಳಿ. ಪಡುವಣ ಮೂಲೆಯಲ್ಲಿ ಒಂದಿಷ್ಟು ಕಾರೆ ಮೆಳೆ ಮಾತ್ರ ಉಳಿಯಿತು. ಅದಕ್ಕೆ ಕಾರಣ ನಮ್ಮ ಕರುಣೆಯಲ್ಲ. ಆ ಹೊತ್ತಿಗೆ ಸರೋಜ ಮತ್ತು ಪಕ್ಕದ ಮನೆಯವರು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ತಂದರು. ತಿಂದ ಮೇಲೆ ಯಾರಿಗೂ ಬೆನ್ನು ಬಗ್ಗಲಿಲ್ಲ. ಕಡಿದ ಮುಳ್ಳನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟೆವು. ಹತ್ತಿಸುವ ಮೊದಲು ಚಿಕ್ಕತಾಯಮ್ಮ ಆ ರಾಶಿಯಲ್ಲಿ ಕೈ ಹಾಕಿ ಏನನ್ನೋ ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದುದನ್ನು ಕಂಡೆ. ಸೌದೆಯಿರಬೇಕು, ಪಾಪ, ಎಂದುಕೊಂಡೆ.

ಮಳೆ ಬಿದ್ದ ಮೇಲೆ ಮುನ್ನೂರು ಸಸಿ ಬಂದವು, ನೆಟ್ಟೆವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಂಗೆಯೇ. ಸುತ್ತ ಮುಳ್ಳುತಂತಿ, ಒಂದು ಕಬ್ಬಿಣದ ಗೇಟು, ಅದಕ್ಕೊಂದು ಬೀಗ, ಬೀಗದ ಕೈ ನಂಜುಂಡಯ್ಯನವರ ಮನೆಯ ಗೋಡೆಯ ಮೊಳೆಗೆ. ಸಸಿಗಳಿಗೆ ತೊಂದರೆಯಾಗದಿರಲಿ ಅಂತ ಊರಿನವರು ಯಾರೂ ಒಳಗೆ ಹೋಗಬಾರದೆಂದು ಬೋರ್ಡು. ಅದರ ಅಕ್ಷರಗಳೂ ನನ್ನವೇ, ಕೊರೆಯಚ್ಚಿಟ್ಟು ಬರೆದವು. ದೀಪಾವಳಿಯವರೆಗೆ ನೋಡಲು ಎರಡು ಕಣ್ಣು ಸಾಲದಷ್ಟು ಚೆಂದವಾಗಿತ್ತು. ಆಮೇಲೆ ಮಳೆ ನಿಂತಿತು. ಮುಳ್ಳಿನ ಮರೆಯಿಲ್ಲದ ಬೋಳು ನೆಲ ಕಾದು ಬಿರಿಯಿತು. ಡ್ರಮ್ಮುಗಳಲ್ಲಿ ನೀರು ಹೊರುವ ಭಾನುವಾರದ ಜನ ನಲವತ್ತರಿಂದ ಹದಿನೈದಾಗಿ, ಸಂಕ್ರಾಂತಿಯ ಹೊತ್ತಿಗೆ ನಾನು, ನಂಜುಂಡಯ್ಯನವರು, ಮತ್ತೊಬ್ಬರು ಉಳಿದೆವು. ತಂತಿ ಎಲ್ಲೋ ಸಡಿಲವಾಗಿ ಮೇಕೆಗಳು ನುಗ್ಗಿದವು. ಮುಂಚೆಯಾದರೆ ಊರಿನ ಯಾರಾದರೊಬ್ಬರು ಒಳಗಿದ್ದು ಅವುಗಳನ್ನು ಗದರಿ ಓಡಿಸುತ್ತಿದ್ದರು; ಅವರನ್ನೆಲ್ಲ ನಾವೇ ಬೋರ್ಡು ಹಾಕಿ ಹೊರಗಿಟ್ಟಿದ್ದೆವು. ಯುಗಾದಿಯ ದಿನ ಹೋಗಿ ನೋಡಿದರೆ ನನ್ನ ಚುಕ್ಕೆಗಳ ಜಾಗದಲ್ಲಿ ಚುಕ್ಕೆಗೊಂದರಂತೆ ಒಣಗಿದ ಕಡ್ಡಿ ನಿಂತಿತ್ತು.

ಆದರೆ ಪಡುವಣ ಮೂಲೆಯಲ್ಲಿ, ಉಪ್ಪಿಟ್ಟಿನ ದೆಸೆಯಿಂದ ಉಳಿದ ಕಾರೆ ಮೆಳೆಯ ನೆತ್ತಿ ಸೀಳಿಕೊಂಡು, ಯಾರೂ ನೀರೆರೆಯದ ನಾಲ್ಕು ಹೊಂಗೆ ಗಿಡಗಳು ಯುಗಾದಿಯ ಎಳೆ ಚಿಗುರು ತೊಟ್ಟು ಫಳಫಳ ಹೊಳೆಯುತ್ತಿದ್ದವು.

ನಾನು ಅಲ್ಲೇ ಕೂತುಬಿಟ್ಟೆ. ನಾವು ನೆಡಲು ತಂದದ್ದು ಹೊಂಗೆ, ಕಿತ್ತು ಸುಟ್ಟದ್ದೂ ಹೊಂಗೆ. ಅಂದು ಅವಳು ರಾಶಿಯಿಂದ ಆರಿಸಿ ಸೆರಗಿಗೆ ಹಾಕಿಕೊಂಡದ್ದು ಸೌದೆಯಾಗಿರಲಿಲ್ಲ. ಎದ್ದು ನೇರವಾಗಿ ಹಳೆಯ ಕೇರಿಗೆ ಹೋದೆ. ಚಿಕ್ಕತಾಯಮ್ಮನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೇಳಿದಳು: ತೋಪಿಗೆ ಬೀಗ ಬಿದ್ದ ಮೇಲೆ ಬೀಜವಿಲ್ಲ, ಬೀಜವಿಲ್ಲದ ಮೇಲೆ ರಾಗಿಯಿಲ್ಲ, ಮಗಳ ಮನೆಗೆ ಹೋದಳು, "ಮಗಳ ಮನೆ ಅನ್ನ ತಿನ್ನೋ ಹಂಗಾಯ್ತಲ್ಲ ಅಂತ ಅತ್ಕಂಡು ಹೋದ್ಲು ಸ್ವಾಮಿ." ಕೊಟ್ಟ ಹೆಣ್ಣಿನ ಮನೆಯಲ್ಲಿ ಒಂದು ಹೊತ್ತು ಉಂಡರೂ ಸಂಕೋಚಪಡುವ ತಲೆಮಾರು ಅವಳದು. ನಮ್ಮ ಹಸಿರು ಕಾರ್ಯಕ್ರಮ ಅವಳನ್ನು ಆ ಪಂಕ್ತಿಗೆ ಕೂರಿಸಿತ್ತು.

ತಾವರೆಕೆರೆಗೆ ಹೋಗಲು ನನಗೆ ಒಂಬತ್ತು ತಿಂಗಳು ಬೇಕಾಯಿತು. ದೂರ ಎಷ್ಟು ಮಹಾ, ಒಂದೇ ಬಸ್ಸು. ಕಾಲು ಏಳಲಿಲ್ಲ. ಕಡೆಗೊಂದು ದಿನ ಅವರೆಕಾಯಿ ಕಾಲದಲ್ಲಿ ಹೊರಟೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ತಿದ್ದಿ ಬರೆದೆ. ಮಗಳ ಮನೆಯ ಜಗಲಿಯಲ್ಲಿ ಚಿಕ್ಕತಾಯಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಗುರುತು ಹಿಡಿದಳು, ಚಾಪೆ ಹಾಸಿದಳು. ಸುಮ್ಮನೆ ಕೂರಲಾಗದೆ ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಅವಳೇ ಮಾತು ತೆಗೆದಳು.

"ಪಡುವಲ ಮೂಲೇಲಿ ಕಾರೆ ಮೆಳೆ ಇತ್ತಲ್ಲ ಸ್ವಾಮಿ, ಅದ್ನೂ ಕಿತ್ತಾಕ್ಬುಟ್ರಾ?"

"ಇಲ್ಲಮ್ಮ, ಅದು ಉಳೀತು. ಅಷ್ಟೊತ್ತಿಗೆ ಉಪ್ಪಿಟ್ಟು ಬಂತು, ಎಲ್ರಿಗೂ ಸುಸ್ತಾಗಿತ್ತು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮ್ಮನೆ ಅಮ್ಮಾರ ಕೈ ತಣ್ಣಗಿರ್ಲಿ ಬಿಡಿ, ನಾಕು ಗಿಡ ಉಳಿಸಿದ್ರು" ಎಂದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತೋಪಿನಲ್ಲಿ ಕಾಯಿ ಆಯುವವರಿಗೆ ಅವರ ಕೇರಿಯಲ್ಲಿ ಒಂದು ಕಟ್ಟು ಇತ್ತಂತೆ: ಮಡಿಲು ತುಂಬಿದಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಹತ್ತಿರದ ಮುಳ್ಳಿನ ಮೆಳೆಯ ಬುಡಕ್ಕೆ ತೂರಬೇಕು. ಅದು ಮುಳ್ಳಿನ ಪಾಲು. ಮುಳ್ಳು ಅದನ್ನು ಮೇಕೆಯ ಬಾಯಿಂದ, ಬೇಸಿಗೆಯ ಬಿಸಿಲಿಂದ ಕಾದು, ತನ್ನ ತರಗೆಲೆಯ ತಂಪಿನಲ್ಲಿ ಬೆಳೆಸುತ್ತದೆ. ಗಿಡ ಮುಳ್ಳಿನ ತಲೆಯ ಮೇಲೆ ಬಂದ ಮೇಲೆ ಅದರ ನೆರಳಿಗೆ ಮುಳ್ಳು ತಾನಾಗಿ ಸೊರಗುತ್ತದೆ. ಮರಗಳು ಕಡಿಯಲ್ಪಟ್ಟ ಮೇಲೂ ಅವಳೂ ಇನ್ನು ಮೂರು ನಾಲ್ಕು ಹೆಂಗಸರೂ ಆ ಕಟ್ಟು ಬಿಟ್ಟಿರಲಿಲ್ಲ. ನಾವು ಕಾಲಿಟ್ಟ ಹೊತ್ತಿಗೆ ಮೆಳೆ ಮೆಳೆಯ ಒಳಗೂ ಎರಡು ಮೂರು ವರ್ಷದ ಸಸಿಗಳಿದ್ದವು. ಸರ್ವೇಯರಿನ ಕಣ್ಣಿಗೂ ನನ್ನ ಕಣ್ಣಿಗೂ ಬೀಳದ ಹಾಗೆ ತೋಪು ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುತ್ತಿತ್ತು, ಮತ್ತು ಅದನ್ನು ಕಟ್ಟುತ್ತಿದ್ದವರಿಗೆ ಸಂಘವಿರಲಿಲ್ಲ, ಬೋರ್ಡಿರಲಿಲ್ಲ, ಭಾನುವಾರವಿರಲಿಲ್ಲ.

"ಈಗ ಏನು ಮಾಡ್ಬೇಕಮ್ಮ?" ಎಂದು ಕೇಳಿದೆ. ಮುಳ್ಳು ಎಲ್ಲಿ ತರಬೇಕು, ರಾಶಿ ಎಷ್ಟು ಎತ್ತರ, ಬೀಜ ಯಾವ ಮಳೆಗೆ ಮುಂಚೆ ಹಾಕಬೇಕು, ನೇರಳೆ ಹಸಿಯಾಗಿರುವಾಗಲೇ ಹಾಕಬೇಕೋ ಒಣಗಿಸಿಯೋ, ಎಲ್ಲ ಕೇಳಿದೆ. ಅವಳು ಬೇಸರವಿಲ್ಲದೆ ಎಲ್ಲ ಹೇಳಿದಳು, ಕಡೆಗೆ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟು ಕಳಿಸಿದಳು. ಬಸ್ಸು ಅರ್ಧ ದಾರಿ ಬಂದ ಮೇಲೆ ನನಗೆ ನೆನಪಾಯಿತು. ಹತ್ತು ಸಲ ತಿದ್ದಿ ಬರೆದ ವಾಕ್ಯವನ್ನು ನಾನು ಹೇಳಿಯೇ ಇರಲಿಲ್ಲ. ತಪ್ಪಾಯಿತು ಎನ್ನಲು ಹೋದವನು, ಅವಳಿಂದ ಮತ್ತಷ್ಟು ಪಡೆದುಕೊಂಡು, ಕೈ ಬೀಸುತ್ತಾ ಬಸ್ಸು ಹತ್ತಿದ್ದೆ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆ ನಾಲ್ಕು ಗಿಡಗಳಲ್ಲಿ ಮೊದಲ ಕಾಯಿ ಬಿಟ್ಟಾಗ ಅದನ್ನೇ ಹಿಡಿದುಕೊಂಡು ಹೋಗಿ, ಅವಳ ಮಡಿಲಿಗೆ ಹಾಕಿ ಹೇಳಬೇಕು, ಆಗ ಮಾತಿಗೂ ಒಂದು ಬೆಲೆ, ಎಂದು ನಿಶ್ಚಯಿಸಿದೆ. ಹಾಗೆ ಮುಂದೂಡಿದ್ದಕ್ಕೆ ಎಷ್ಟು ಚೆನ್ನಾದ ಕಾರಣ ಕಟ್ಟಿದ್ದೆ ನೋಡಿ.

ಅಲ್ಲಿಂದ ಮುಂದಿನದು ಒಳ್ಳೆಯ ಕತೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಂಜುಂಡಯ್ಯನವರು ನನ್ನ ನೋಟ್‌ಬುಕ್ಕು ಓದಿ, ಕನ್ನಡಕ ತೆಗೆದು ಒರೆಸಿ, ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ತಾವೇ ಹೋಗಿ ಗೇಟು ಬಿಚ್ಚಿಸಿದರು. "ನಲವತ್ತು ವರ್ಷ ಮೇಷ್ಟ್ರಾಗಿದ್ದೆ ಕಣ್ರೀ ಮೂರ್ತಿ, ಪಾಠ ಈಗ ಆಯ್ತು" ಎಂದಷ್ಟೇ ಅಂದರು. ನಾವು ಕೇರಿಗೆ ಹೋಗಿ ಜಗಲಿಗಳ ಮೇಲೆ ಕೂತು ಮಾತಾಡಿದೆವು. ಊರಿನವರು ಮುಳ್ಳು ಕಡಿದು ತಂದರು, ನಾವು ಹೊತ್ತು ರಾಶಿ ಹಾಕಿದೆವು. ಬಡಾವಣೆಯ ಅಡುಗೆಮನೆಗಳಿಂದ ನೇರಳೆ ಬೀಜ, ಮಾವಿನ ವಾಟೆ, ಹಲಸಿನ ಬೀಜ ಬಂದವು. ಮುಳ್ಳಿನ ಪಾಲು ಮತ್ತೆ ಚಾಲ್ತಿಗೆ ಬಂತು. ಮೇಕೆಗಳು ಯಾವ ತಿಂಗಳು ಬರಬಹುದು, ಯಾವ ತಿಂಗಳು ಬರಬಾರದು ಎಂಬುದನ್ನು ಮೇಕೆಯವರೇ ಕೂತು ತೀರ್ಮಾನ ಮಾಡಿದರು, ಅವರೇ ಕಾದರು. ಇವತ್ತು ಆ ತೋಪಿಗೆ ಹೋದರೆ ಯಾವ ಮರವೂ ಇನ್ನೊಂದರ ಸಾಲಿನಲ್ಲಿಲ್ಲ. ನನ್ನ ಟೀ-ಸ್ಕ್ವೇರಿಗೆ ಅದನ್ನು ಬರೆಯುವ ತಾಕತ್ತಿಲ್ಲ. ನಾಯಂಡಹಳ್ಳಿಯ ಕಡೆಯಿಂದ ಸೊಪ್ಪು ಹೊತ್ತು ಬರುವ ಹೆಂಗಸರು ಮಂಕರಿ ಇಳಿಸಿ ಅಲ್ಲಿ ಉಸಿರು ಬಿಡುತ್ತಾರೆ. ಮುಂಚೆ ಒಂದು ಮಳೆ ಬಂದರೆ ಕೆಂಪಗೆ ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತಿದ್ದ ಮಣ್ಣು ಈಗ ನಿಂತಿದೆ. ಕೆಳಗಿನ ಕಟ್ಟೆಯಲ್ಲಿ ಶಿವರಾತ್ರಿಗೆ ಬತ್ತುತ್ತಿದ್ದ ನೀರು ಯುಗಾದಿಯ ತನಕ ಇರುತ್ತದೆ. ಅದು ತೋಪಿನ ಪುಣ್ಯವೋ, ಎರಡು ವರ್ಷದ ಒಳ್ಳೆಯ ಮಳೆಯ ಪುಣ್ಯವೋ, ನಾನು ಆಣೆ ಮಾಡಿ ಹೇಳಲಾರೆ. ಹೋದ ವರ್ಷ ಮತ್ತೆ ಅಳತೆಗೆ ಬಂದವರು ತೋಪನ್ನು ತೋಪೆಂದೇ ಬರೆದುಕೊಂಡು ಹೋದರು.

ಆದರೂ ಅಲ್ಲಿ ಓಡಾಡುವಾಗ ನನ್ನ ಮನಸ್ಸು ಇರುವ ಮರಗಳನ್ನು ಬಿಟ್ಟು ಇಲ್ಲದ ಮರಗಳ ಕಡೆಗೆ ಹೋಗುತ್ತದೆ. ಅಂದು ಸುಡದಿದ್ದರೆ ಅವೆಲ್ಲ ಇಂದು ಹತ್ತು ವರ್ಷದ ಮರಗಳಾಗಿರುತ್ತಿದ್ದವು, ಅವಳ ತೋಪು ಅವಳ ಕಣ್ಣೆದುರಿಗೇ ನಿಂತಿರುತ್ತಿತ್ತು. ಕಾಡನ್ನು ಮತ್ತೆ ಬೆಳೆಸಬಹುದು, ನಾವು ಬೆಳೆಸಿದೆವು ಕೂಡ. ಕಳೆದ ಆ ವರ್ಷಗಳು ಯಾವ ನರ್ಸರಿಯಲ್ಲೂ ಸಿಕ್ಕುವುದಿಲ್ಲ. ತನ್ನ ಕೇರಿಯ ತನ್ನ ಮನೆಯ ಬೀಗ ತೆಗೆಯಲು ಚಿಕ್ಕತಾಯಮ್ಮ ಮತ್ತೆ ಬರಲಿಲ್ಲ. ಬರಹೇಳಿ ನಾವು ಎರಡು ಸಲ ಜನ ಕಳಿಸಿದೆವು. ಮೊಮ್ಮಕ್ಕಳು ಚಿಕ್ಕವು, ಮಂಡಿ ನೋವು, ಆಮೇಲೆ ನೋಡೋಣ ಎಂದಳಂತೆ. ನಾನೇ ಹೋಗಿ ಕರೆಯಲಿಲ್ಲ. ಹೋದರೆ ಆ ವಾಕ್ಯ ಹೇಳಬೇಕಾಗುತ್ತಿತ್ತು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಪಡುವಣ ಮೂಲೆಯ ಹೊಂಗೆಯಲ್ಲಿ ಮೊದಲ ಸಲ ಕಾಯಿ ಉದುರಿತು. ಒಂದು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಮರುದಿನವೇ ತಾವರೆಕೆರೆಯ ಬಸ್ಸು ಹತ್ತಿದೆ. ಬಾಗಿಲಲ್ಲಿ ಮಗಳು ಪುಟ್ಟಮ್ಮ ನಿಂತಿದ್ದಳು. ನನ್ನ ಕೈಯ ಚೀಲ ನೋಡಿ, ನಾನು ಕೇಳುವ ಮೊದಲೇ, "ಅವ್ವ ಕಾರ್ತಿಕದಲ್ಲಿ ಹೋಗ್ಬುಟ್ಲು ಸ್ವಾಮಿ" ಎಂದಳು. ನಾನು ಚೀಲ ಚಾಚಿದೆ, ಇದು ಅವರ ತೋಪಿನದು ಎಂದೆ. ಅವಳು ಒಳಗೆ ಕೈ ಹಾಕಿ ಒಂದೇ ಒಂದು ಹಿಡಿ ತೆಗೆದುಕೊಂಡಳು, ಮನೆಯ ಹಿತ್ತಲಿಗೆ ಹೋಗಿ, ಬೇಲಿಯ ಸೀಗೆ ಮೆಳೆಯ ಬುಡಕ್ಕೆ ಬಗ್ಗಿ ತೂರಿ ಬಂದಳು. "ಮಿಕ್ಕಿದ್ದು ನಿಮ್ದು, ತಕ್ಕೊಂಡೋಗಿ" ಎಂದು ಚೀಲದ ಬಾಯಿ ಕಟ್ಟಿ ಕೊಟ್ಟಳು. ಇನ್ನು ಯಾರ ಮುಂದೆ ಹೇಳಲಿ ಆ ಮಾತನ್ನು? ಕೇಳಬೇಕಾದ ಕಿವಿ ಇಲ್ಲವಾದ ಮೇಲೆ ಕ್ಷಮೆ ಕೇಳುವುದು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವಾಗಿಬಿಡುತ್ತದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದವರು ಕಣ್ಣಿಗೆ ಧೂಳು ಬಿತ್ತೇನೋ ಎಂದು ಕಿಟಕಿಯ ಗಾಜು ಎಳೆದರು.

ಮಿಕ್ಕ ಕಾಯಿಯನ್ನು ತೋಪಿನ ಮುಳ್ಳುಗಳಿಗೆ ಹಂಚಿದೆ. ಕಡೆಯ ಒಂದು ಹಿಡಿಯನ್ನು ಮನೆಗೆ ತಂದು ನಮ್ಮ ಮುಳ್ಳುಗೋರಂಟಿಯ ಬುಡಕ್ಕೆ ತೂರಿದೆ. ತಾವರೆಕೆರೆಯಲ್ಲಿ ಚಿಕ್ಕತಾಯಮ್ಮನನ್ನು ಕಂಡು ಬಂದ ದಿನದಿಂದ ಆ ಮೂಲೆಗೆ ಪೊರಕೆ ಮುಟ್ಟಿಸಬೇಡವೆಂದು ಸರೋಜಳಲ್ಲಿ ಕೇಳಿಕೊಂಡಿದ್ದೆ. ಅವಳು ಛೇಡಿಸುತ್ತಲೇ ನಡೆಸಿಕೊಂಡು ಬಂದಿದ್ದಾಳೆ.

ಮೊನ್ನೆ ಎರಡು ಮಳೆ ಬಿದ್ದ ಮೇಲೆ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ಗುಡಿಸುತ್ತಿದ್ದ ಸರೋಜಳ ಪೊರಕೆಯ ಸದ್ದು ತಟ್ಟನೆ ನಿಂತಿತು.

"ರೀ, ಇಲ್ಲಿ ಬನ್ನಿ ಸ್ವಲ್ಪ. ಗೋರಂಟಿ ಒಳಗೆ ಏನೋ ಎದ್ದಿದೆ. ಇದು ಕಳೆನಾ, ಗಿಡನಾ?"

ಲೋಟ ಕೆಳಗಿಟ್ಟು ಹೋಗಿ ಮಂಡಿಯೂರಿ ಬಗ್ಗಿ ನೋಡಿದೆ. ಮುಳ್ಳಿನ ನಡುವೆ ಬೆರಳುದ್ದದ ಒಂದು ಸೊಟ್ಟ ಹಸಿರು ಕಡ್ಡಿ, ತುದಿಯಲ್ಲಿ ಎರಡು ಎಲೆ. ಹೊಂಗೆಯಲ್ಲ, ಹೊಂಗೆಯ ಚಿಗುರು ಈಗ ನನಗೆ ಗೊತ್ತು. ಯಾವ ಹಕ್ಕಿ ತಂದು ಹಾಕಿದ್ದೋ, ಯಾವ ಗಾಳಿಗೆ ಬಂದದ್ದೋ. ತುಂಬ ಹೊತ್ತು ನೋಡಿದೆ.

"ಗೊತ್ತಿಲ್ಲ ಕಣೇ" ಎಂದೆ. "ಇರಲಿ ಬಿಡು."

ಎಂಟು ವರ್ಷದ ಹಿಂದೆ ಆ ಭಾನುವಾರ ನಾನು ಚಿಕ್ಕತಾಯಮ್ಮನಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ ಆಗಿತ್ತು. ಸರೋಜ ನನ್ನ ಮುಖ ನೋಡಿದಳು. ಪೊರಕೆಯನ್ನು ಇನ್ನೂ ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ಅಲ್ಲಿಂದ ಗುಡಿಸತೊಡಗಿದಳು.